ದವಾಖಾನೆಯ ಕಂಪ್ಯೂಟರ್ ಯಾರಿಗಾಗಿ? ಆಸ್ಪತ್ರೆ ಮಾಹಿತಿ ವ್ಯವಸ್ಥೆ ಬಗ್ಗೆ ತಿಳಿಯಬೇಕಾದದ್ದು, ನಂಬಬಾರದದ್ದು

"ಆಭಾ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಯಲ್ಲಾದರೂ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಇಲ್ಲದವರಿಗೆ ಸರ್ಕಾರಿ ದವಾಖಾನೆಯಲ್ಲಿ ಚೀಟಿಯೂ ಸಿಗಲ್ಲ." ಈ ಧಾಟಿಯ ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರ ಎರಡೂ ಮಾತು ತಪ್ಪು.

ಆದರೆ 'ಇದು ಸುಳ್ಳು' ಎಂದು ಹೇಳಿ ಮುಗಿಸಿದರೆ ಮುಖ್ಯ ವಿಷಯವೇ ಉಳಿದುಹೋಗುತ್ತದೆ. ಇದೇ ಗೊಂದಲ ಕೌಂಟರಿನ ಆಚೆ ಬದಿಯಲ್ಲೂ, ಅಂದರೆ ದವಾಖಾನೆ ನಡೆಸುವವರಲ್ಲೂ ಇರುವುದುಂಟು. ಅವರು ಈ ಕಂಪ್ಯೂಟರ್ ವ್ಯವಸ್ಥೆಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೆ ಅನ್ನುವುದರ ಮೇಲೆ ನಿಮ್ಮ ಚೀಟಿ, ನಿಮ್ಮ ರಕ್ತಪರೀಕ್ಷೆಯ ವರದಿ, ನಿಮ್ಮ ಖಾತೆಗೆ ಬರಬೇಕಾದ ಹಣ ಎಲ್ಲವೂ ನಿಂತಿದೆ. ರಾಯಚೂರು, ದೇವದುರ್ಗ, ಮಾನ್ವಿಯನ್ನು ಮುಂದಿಟ್ಟುಕೊಂಡು ಇದನ್ನು ಬಿಡಿಸಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಆಭಾ ನಂಬರ್ ಬೇರೆ, ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಮಾಡಿಸುವುದು ಕಡ್ಡಾಯವಲ್ಲ.
• ಆಸ್ಪತ್ರೆ ಮಾಹಿತಿ ವ್ಯವಸ್ಥೆ ಅಂದರೆ ಬಿಲ್ ಮಾಡುವ ಸಾಫ್ಟ್‌ವೇರ್ ಮಾತ್ರವಲ್ಲ.
• ದವಾಖಾನೆ ನಡೆಸುವವರು ಇದನ್ನು 'ಮೇಲಕ್ಕೆ ವರದಿ ಕಳಿಸುವ ಕೆಲಸ' ಎಂದುಕೊಂಡರೆ ರೋಗಿಗೆ ಪ್ರಯೋಜನವಿಲ್ಲ. 'ನಮ್ಮ ದವಾಖಾನೆ ನಡೆಸಲು ಬೇಕಾದ ಸಾಧನ' ಎಂದುಕೊಂಡರೆ ಮಾತ್ರ ಪ್ರಯೋಜನ.
• 'ಸರ್ವರ್ ಡೌನ್' ಎಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಆಸ್ಪತ್ರೆ ಮಾಹಿತಿ ವ್ಯವಸ್ಥೆ ಅಂದರೇನು?

ನೀವು ದವಾಖಾನೆಗೆ ಹೋದಾಗ ಏನೇನಾಗುತ್ತದೆ ನೆನಪಿಸಿಕೊಳ್ಳಿ. ಮೊದಲು ಹೆಸರು ಬರೆಸಿ ಒಪಿಡಿ ಚೀಟಿ ಪಡೆಯುತ್ತೀರಿ. ಡಾಕ್ಟರು ನೋಡುತ್ತಾರೆ. ರಕ್ತ, ಮೂತ್ರ ಪರೀಕ್ಷೆಗೆ ಬರೆಯುತ್ತಾರೆ. ಲ್ಯಾಬ್‌ನಿಂದ ವರದಿ ಬರುತ್ತದೆ. ಔಷಧ ಕೌಂಟರಿನಲ್ಲಿ ಗುಳಿಗೆ ಕೊಡುತ್ತಾರೆ. ಅಡ್ಮಿಟ್ ಆದರೆ ವಾರ್ಡ್, ಬೆಡ್, ಕೇಸ್ ಶೀಟ್, ಕೊನೆಗೆ ಡಿಸ್ಚಾರ್ಜ್ ಚೀಟಿ.

ಹಿಂದೆ ಪ್ರತಿ ಹೆಜ್ಜೆಗೂ ಒಂದೊಂದು ರಿಜಿಸ್ಟರ್ ಇತ್ತು. ಒಪಿಡಿ ರಿಜಿಸ್ಟರಿಗೆ ಲ್ಯಾಬ್ ರಿಜಿಸ್ಟರಿನ ಪರಿಚಯವಿರಲಿಲ್ಲ. ಇವೆಲ್ಲವನ್ನೂ ಒಬ್ಬ ರೋಗಿಯ ಒಂದೇ ನಂಬರಿನಡಿ ಪೋಣಿಸುವುದೇ ಆಸ್ಪತ್ರೆ ಮಾಹಿತಿ ವ್ಯವಸ್ಥೆ. ಇಂಗ್ಲಿಷಿನ ಮೊದಲ ಅಕ್ಷರಗಳಿಂದ ಇದನ್ನು ಎಚ್‌ಐಎಸ್ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಗಳಿಗಾಗಿ ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ರೂಪಿಸಿದ 'ಇ-ಹಾಸ್ಪಿಟಲ್' ಇಂಥದ್ದೇ ಒಂದು ಸಾಫ್ಟ್‌ವೇರ್. ಕರ್ನಾಟಕದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಬಳಕೆಯಲ್ಲಿದೆ. ಮನೆಯಿಂದಲೇ ಒಪಿಡಿಗೆ ಹೆಸರು ನೋಂದಾಯಿಸುವ ಆನ್‌ಲೈನ್ ಸೌಲಭ್ಯವನ್ನು ಇದಕ್ಕೆ ಜೋಡಿಸಿದ್ದು 2015ರಲ್ಲಿ, ಡಿಜಿಟಲ್ ಇಂಡಿಯಾ ಕಾರ್ಯಕ್ರಮದಡಿ.

ದಾಖಲೆಗಳನ್ನು ಕಂಪ್ಯೂಟರಿಗೆ ತರಬೇಕು ಎಂಬ ಮಾತು ಇತ್ತೀಚಿನದೇನಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲೇ, ಬೇಗ ಹುಡುಕಿ ತೆಗೆಯಲು ಅನುಕೂಲವಾಗುವಂತೆ ವೈದ್ಯಕೀಯ ದಾಖಲೆಗಳನ್ನು ಕಂಪ್ಯೂಟರೀಕರಣ ಮಾಡಲು ಯತ್ನಿಸಬೇಕು ಎಂದಿದೆ.

ಹೆಸರುಗಳ ಗೊಂದಲ ಬಿಡಿಸೋಣ

ತಾಲ್ಲೂಕು ದವಾಖಾನೆಯ ಆಡಳಿತ ವೈದ್ಯಾಧಿಕಾರಿಯ ಮೇಜಿನ ಮೇಲೆ ಒಂದಲ್ಲ, ಹಲವು ವ್ಯವಸ್ಥೆಗಳ ಪಾಸ್‌ವರ್ಡ್ ಇರುತ್ತದೆ. ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಕೆಲಸ ಬೇರೆ ಬೇರೆ.

ಎಚ್‌ಐಎಸ್: ಒಂದು ಆಸ್ಪತ್ರೆಯ ಒಳಗಿನ ವ್ಯವಸ್ಥೆ. ಇಲ್ಲಿ ಇರುವುದು 'ಈ ರೋಗಿಗೆ ಏನಾಯಿತು' ಎಂಬ ಮಾಹಿತಿ.

ಎಚ್‌ಎಂಐಎಸ್: ಮಧ್ಯೆ ಒಂದು 'ಎಂ' ಹೆಚ್ಚು, ಆದರೆ ವಿಷಯವೇ ಬೇರೆ. ಕೇಂದ್ರ ಆರೋಗ್ಯ ಸಚಿವಾಲಯ 2008ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಪೋರ್ಟಲ್ ಇದು. ತಿಂಗಳಿಗೆ ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಒಪಿಡಿ ಎಂಬ ಒಟ್ಟು ಲೆಕ್ಕ ಇಲ್ಲಿ ಹೋಗುತ್ತದೆ. ರೋಗಿಯ ಹೆಸರು ಇರುವುದಿಲ್ಲ.

ಆರ್‌ಸಿಎಚ್ ಪೋರ್ಟಲ್: ಗರ್ಭಿಣಿಯರು ಮತ್ತು ಮಕ್ಕಳ ಹೆಸರುವಾರು ದಾಖಲೆ. ತಾಯಿ ಕಾರ್ಡ್ ಮೇಲಿನ ನಂಬರ್ ಇದಕ್ಕೆ ಸಂಬಂಧಿಸಿದ್ದು.

ನಿಕ್ಷಯ್: ಕ್ಷಯ ರೋಗಿಗಳ ದಾಖಲೆ, 2012ರಿಂದ ಇದೆ. ಪೌಷ್ಟಿಕ ಆಹಾರಕ್ಕೆಂದು ಕ್ಷಯ ರೋಗಿಯ ಖಾತೆಗೆ ಬರುವ ಹಣ ಈ ದಾಖಲೆಯ ಆಧಾರದ ಮೇಲೆಯೇ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ.

ಐಎಚ್‌ಐಪಿ: ಎಲ್ಲಿ ವಾಂತಿ-ಭೇದಿ, ಡೆಂಗಿ, ಜ್ವರ ಹೆಚ್ಚಾಗುತ್ತಿದೆ ಎಂದು ಪತ್ತೆ ಹಚ್ಚುವ ವ್ಯವಸ್ಥೆ. 2018ರಲ್ಲಿ ಮೊದಲ ಹಂತದಲ್ಲಿ ಆರಂಭವಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ಆಭಾ: ನಿಮ್ಮ ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಲು ಕೊಡುವ 14 ಅಂಕಿಯ ನಂಬರ್. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಾದ್ಯಂತ ಆರಂಭವಾದದ್ದು 2021ರ ಸೆಪ್ಟೆಂಬರ್ 27ರಂದು.

ಆಯುಷ್ಮಾನ್ ಕಾರ್ಡ್: ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು ಇದೊಂದೇ. ಕರ್ನಾಟಕದಲ್ಲಿ 'ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ' ಎಂಬ ಹೆಸರಿನಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ.

ಕೊನೆಯ ಎರಡಕ್ಕೂ 'ಆಯುಷ್ಮಾನ್' ಎಂಬ ಹೆಸರು ಅಂಟಿಕೊಂಡಿರುವುದರಿಂದಲೇ ಆ ಫಾರ್ವರ್ಡ್ ಹುಟ್ಟಿಕೊಂಡಿದ್ದು. ಆಭಾ ನಂಬರಿನಿಂದ ಒಂದು ರೂಪಾಯಿಯ ವಿಮೆಯೂ ಸಿಗುವುದಿಲ್ಲ.

ರಾಯಚೂರಿಗೆ ಇದು ಹೊಸದೇನಲ್ಲ

ಕಂಪ್ಯೂಟರಿನಲ್ಲಿ ಮಾಹಿತಿ ಹೋಗಿ, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಆಪರೇಷನ್ ಆಗುವ ಪದ್ಧತಿಯನ್ನು ನಮ್ಮ ಭಾಗದ ಬಡ ಕುಟುಂಬಗಳು ರಾಜ್ಯದ ಉಳಿದವರಿಗಿಂತ ಮೊದಲೇ ಕಂಡಿವೆ. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಯಾದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ, ಅದರಲ್ಲಿ ರಾಯಚೂರು ಜಿಲ್ಲೆಯೂ ಇತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನಿಂದ ಪೂರ್ವಾನುಮತಿ ಪಡೆಯಬೇಕಿತ್ತು. ಅಂದರೆ ದಾಖಲೆ ಸರಿಯಿದ್ದರೆ ಚಿಕಿತ್ಸೆ, ತಪ್ಪಿದ್ದರೆ ಕಾಯುವಿಕೆ.

ಇವತ್ತು ಜಿಲ್ಲೆಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಎಂದರೆ ರಿಮ್ಸ್, ಅಂದರೆ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. 2007ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜು. ಜನ ಓಪೆಕ್ ದವಾಖಾನೆ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯೂ ನಗರದಲ್ಲಿದೆ. ದೇವದುರ್ಗ, ಮಾನ್ವಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಎರಡೂ ಊರಿನಿಂದ ರಾಯಚೂರಿಗೆ ಸುಮಾರು 50 ಕಿಲೋಮೀಟರ್. ತಾಲ್ಲೂಕಿನಲ್ಲಿ ಆಗದ್ದು ರಿಮ್ಸ್‌ಗೆ ಹೋಗುತ್ತದೆ. ಆ ದಾರಿಯಲ್ಲಿ ರೋಗಿಯ ಜೊತೆ ಮಾಹಿತಿಯೂ ಹೋಗುತ್ತದೆಯೇ? ಕೇಳಬೇಕಾದ ಪ್ರಶ್ನೆ ಇದು. 2018ರಲ್ಲಿ ನೀತಿ ಆಯೋಗ ಕರ್ನಾಟಕದಿಂದ ಮಹತ್ವಾಕಾಂಕ್ಷಿ ಜಿಲ್ಲೆ ಎಂದು ಆರಿಸಿದ್ದು ರಾಯಚೂರು ಮತ್ತು ಯಾದಗಿರಿಯನ್ನು. ಅಲ್ಲಿಯೂ ಜಿಲ್ಲೆಯ ಪ್ರಗತಿಯನ್ನು ಅಳೆಯುವುದು ಅಂಕಿಅಂಶಗಳಿಂದಲೇ. ಆರೋಗ್ಯದ ಅಂಕಿ ಹುಟ್ಟುವುದು ಇಂಥ ದವಾಖಾನೆಗಳ ಕೌಂಟರಿನಲ್ಲಿ.

ಒಂದು ಚೀಟಿಯ ಪ್ರಯಾಣ

ಅರ್ಥವಾಗಲು ಒಂದು ಉದಾಹರಣೆ ಕಟ್ಟೋಣ. ನಿಜವಾಗಿ ನಡೆದ ಘಟನೆಯಲ್ಲ, ಆದರೆ ನಡೆಯದಂಥದ್ದೂ ಅಲ್ಲ.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಹುಲಿಗೆಮ್ಮ ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಕಟ್ಟಡ ಕೆಲಸ. ಐದು ತಿಂಗಳ ತನಕ ತಪಾಸಣೆ ಅಲ್ಲಿಯೇ ಆಗಿದೆ. ರಕ್ತ ಕಡಿಮೆ ಇದೆ ಎಂದು ಅಲ್ಲಿ ಹೇಳಿದ್ದಾರೆ. ಎಂಟನೇ ತಿಂಗಳಿಗೆ ಊರಿಗೆ ವಾಪಸ್ ಬಂದಾಗ ಕಾಗದಗಳು ಶೆಡ್ಡಿನಲ್ಲೇ ಉಳಿದಿವೆ. ಒಂದು ರಾತ್ರಿ ತಲೆನೋವು, ಬಿಪಿ ಹೆಚ್ಚು. ತಾಲ್ಲೂಕು ಆಸ್ಪತ್ರೆಗೆ ಕರೆತರುತ್ತಾರೆ, ಅಲ್ಲಿಂದ ರಿಮ್ಸ್‌ಗೆ ರೆಫರ್ ಆಗುತ್ತದೆ.

ರಿಮ್ಸ್‌ನ ಹೆರಿಗೆ ವಾರ್ಡಿನ ಡಾಕ್ಟರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಮೂರ್ನಾಲ್ಕು ಸಂಗತಿ. ರಕ್ತದ ಗುಂಪು ಯಾವುದು? ಹಿಮೋಗ್ಲೋಬಿನ್ ಎಷ್ಟಿತ್ತು? ಬಿಪಿ ಯಾವಾಗಿನಿಂದ ಏರಿದೆ? ದೇವದುರ್ಗದಲ್ಲಿ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ಗಂಟೆಗೆ?

ವ್ಯವಸ್ಥೆ ಸರಿಯಿದ್ದರೆ ಬೆಂಗಳೂರಿನ ತಪಾಸಣೆಯ ವಿವರ ಆರ್‌ಸಿಎಚ್ ನಂಬರಿನಡಿ ಸಿಗಬೇಕು. ದೇವದುರ್ಗದ ರೆಫರಲ್ ವಿವರ ಆಂಬುಲೆನ್ಸ್ ತಲುಪುವ ಮುನ್ನವೇ ರಿಮ್ಸ್‌ನವರಿಗೆ ಗೊತ್ತಿರಬೇಕು. ಸರಿಯಿಲ್ಲದಿದ್ದರೆ? ಹುಲಿಗೆಮ್ಮನ ಅತ್ತೆಯನ್ನು ಕೇಳುತ್ತಾರೆ. ಅತ್ತೆ 'ಎರಡು ಸೂಜಿ ಮಾಡ್ಯಾರ್ರೀ' ಎನ್ನುತ್ತಾರೆ. ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ. ಅಷ್ಟು ಹೊತ್ತು ಕಳೆದುಹೋಗುತ್ತದೆ.

ಇಲ್ಲಿ ಇನ್ನೊಂದು ತೊಡಕೂ ಇದೆ. ನಮ್ಮ ಕಡೆ ಹುಲಿಗೆಮ್ಮ, ಹುಲಿಗೆವ್ವ, ಹುಲಿಗಮ್ಮ ಎಲ್ಲವೂ ಒಬ್ಬರದೇ ಹೆಸರಾಗಿರಬಹುದು. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ಪ್ರತಿ ಕೌಂಟರಿನಲ್ಲೂ ಒಂದೊಂದು ಸ್ಪೆಲಿಂಗ್. ವಯಸ್ಸು ಅಂದಾಜು. ಮೊಬೈಲ್ ನಂಬರ್ ಒಮ್ಮೆ ಗಂಡನದು, ಒಮ್ಮೆ ಅಣ್ಣನದು. ಹೀಗೆ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನೊಳಗೆ ಮೂರು ಜನ ಆಗಿಬಿಡುತ್ತಾಳೆ. ಕಂಪ್ಯೂಟರ್ ತಾನಾಗಿ ಇದನ್ನು ಸರಿಮಾಡುವುದಿಲ್ಲ. ಹಳೆಯ ನಂಬರ್ ಇದೆಯೇ ಎಂದು ಕೌಂಟರಿನಲ್ಲಿ ಕೇಳಿ, ಹುಡುಕಿ, ಆಮೇಲೆ ಹೊಸದು ಮಾಡಬೇಕು ಎಂಬ ಶಿಸ್ತನ್ನು ದವಾಖಾನೆ ನಡೆಸುವವರೇ ತರಬೇಕು.

ದವಾಖಾನೆ ನಡೆಸುವವರ ನಂಬಿಕೆಗಳು, ಮತ್ತು ವಾಸ್ತವ

ಆಡಳಿತ ನೋಡಿಕೊಳ್ಳುವವರು ಈ ವ್ಯವಸ್ಥೆಯ ಬಗ್ಗೆ ಏನಂದುಕೊಂಡಿದ್ದಾರೆ ಎಂದು ಹಲವು ದೇಶಗಳಲ್ಲಿ ಅಧ್ಯಯನ ನಡೆದಿದೆ. ಬಹುತೇಕ ಎಲ್ಲೆಡೆ ಕಾಣುವ ಚಿತ್ರ ಹೀಗಿದೆ: 'ಉಪಯುಕ್ತವೇ' ಎಂದು ಹೆಚ್ಚಿನವರು ಒಪ್ಪುತ್ತಾರೆ. ಆದರೆ ತರಬೇತಿ ಇಲ್ಲ, ಸಿಬ್ಬಂದಿ ಇಲ್ಲ, ಕೆಲಸ ಇಮ್ಮಡಿಯಾಗುತ್ತದೆ ಎಂಬ ಅಳುಕು ಜೊತೆಗೇ ಇರುತ್ತದೆ. ಆ ಅಳುಕಿನಲ್ಲಿ ಸತ್ಯವೂ ಇದೆ, ತಪ್ಪು ತಿಳಿವಳಿಕೆಯೂ ಇದೆ. ಒಂದೊಂದಾಗಿ ನೋಡೋಣ.

ನಂಬಿಕೆ 1: ಇದು ಡೇಟಾ ಎಂಟ್ರಿ ಆಪರೇಟರ್ ಕೆಲಸ, ನಮ್ಮದಲ್ಲ.

ವಾಸ್ತವ: ಟೈಪ್ ಮಾಡುವುದು ಆಪರೇಟರ್ ಕೆಲಸ ನಿಜ. ಆದರೆ ಯಾವ ಮಾಹಿತಿ, ಯಾವಾಗ, ಯಾರು ಕೊಡಬೇಕು ಎಂದು ತೀರ್ಮಾನಿಸುವುದು ಆಡಳಿತದ ಕೆಲಸ. ಡಾಕ್ಟರು ಮಧ್ಯಾಹ್ನ ಬರೆದ ಚೀಟಿಗಳ ಕಟ್ಟನ್ನು ಆಪರೇಟರ್ ಸಂಜೆ ಕೂತು ಎಂಟ್ರಿ ಮಾಡಿದರೆ, ರೋಗಿ ಎದುರಿಗಿದ್ದಾಗ ಆ ಮಾಹಿತಿ ಯಾರ ಕೈಗೂ ಸಿಕ್ಕಿರುವುದಿಲ್ಲ. ಅದು ಕಂಪ್ಯೂಟರಿನಲ್ಲಿ ಇಟ್ಟ ರಿಜಿಸ್ಟರ್ ಅಷ್ಟೇ.

ನಂಬಿಕೆ 2: ಇದು ಮೇಲಿನವರಿಗೆ ಕಳಿಸುವ ವರದಿ.

ವಾಸ್ತವ: ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದೇ, ಮತ್ತು ಇದಕ್ಕೆ ಅಧಿಕಾರಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ತಿಂಗಳ ವರದಿ ತಡವಾದರೆ ಜಿಲ್ಲೆಯಿಂದ ಫೋನ್ ಬರುತ್ತದೆ. 'ಆ ಅಂಕಿಯಿಂದ ನಿಮ್ಮ ಆಸ್ಪತ್ರೆಯಲ್ಲಿ ಏನು ಬದಲಾಯಿಸಿದಿರಿ' ಎಂದು ಕೇಳುವ ಫೋನ್ ಬರುವುದು ಅಪರೂಪ. ಕೇಳಿದ್ದಕ್ಕೆ ತಕ್ಕಂತೆ ಕೆಲಸ ನಡೆಯುತ್ತದೆ. ನಿಜವಾಗಿ ನೋಡಿದರೆ ಅದೇ ಅಂಕಿ ತಮ್ಮ ದವಾಖಾನೆಗೇ ಮೊದಲು ಬೇಕಾದದ್ದು. ಯಾವ ವಾರ ಒಪಿಡಿಯಲ್ಲಿ ಜನ ಹೆಚ್ಚು, ಯಾವ ಗುಳಿಗೆ ತಿಂಗಳ ಕೊನೆಗೆ ಮುಗಿಯುತ್ತದೆ, ರಾತ್ರಿ ಪಾಳಿಯಲ್ಲಿ ಎಷ್ಟು ರೆಫರಲ್ ಆಗುತ್ತಿವೆ ಎಂಬುದೆಲ್ಲ ಅಲ್ಲೇ ಇದೆ.

ಒಂದು ಕಹಿ ನೆನಪು ಇಲ್ಲಿ ಹೇಳಬೇಕು. 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರಿನಿಂದ ಜನ ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಇಂಥ ಸಂದರ್ಭದಲ್ಲಿ ಮೊದಲ ಸುಳಿವು ಇರುವುದು ಒಪಿಡಿ ಎಂಟ್ರಿಯಲ್ಲೇ. ಒಂದೇ ಬಡಾವಣೆಯಿಂದ ಎರಡು ದಿನದಲ್ಲಿ ಹತ್ತು ಭೇದಿ ಪ್ರಕರಣ ಬಂದರೆ ಅದು ಎಚ್ಚರಿಕೆ. ಅವತ್ತಿನದು ಅವತ್ತೇ ಎಂಟ್ರಿ ಆಗಿ, ಯಾರಾದರೂ ನೋಡಿದರೆ ಮಾತ್ರ ಆ ಎಚ್ಚರಿಕೆ ಕಾಣುತ್ತದೆ. ತಿಂಗಳ ಕೊನೆಯ ಒಟ್ಟು ಲೆಕ್ಕದಲ್ಲಿ ಕಾಣಿಸಿದರೆ ಅದಕ್ಕೆ ಅರ್ಥವಿಲ್ಲ.

ನಂಬಿಕೆ 3: ಕಂಪ್ಯೂಟರ್ ಬಂದರೆ ಕೆಲಸ ಕಡಿಮೆಯಾಗುತ್ತದೆ.

ವಾಸ್ತವ: ಎಲ್ಲರಿಗೂ ಅಲ್ಲ, ಮೊದಲ ದಿನದಿಂದಲೂ ಅಲ್ಲ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೈದ್ಯರು ರೋಗಿಯ ಜೊತೆ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೆ ಹೋಗುತ್ತಿತ್ತು ಎಂದು ಕಂಡುಬಂತು. ಎಲ್ಲ ಅನುಕೂಲವಿರುವ ಕಡೆಯೇ ಹೀಗಾದರೆ, ಒಂದೇ ಹೆರಿಗೆಯ ವಿವರವನ್ನು ರಿಜಿಸ್ಟರಿನಲ್ಲಿ, ಎಚ್‌ಐಎಸ್‌ನಲ್ಲಿ, ಆರ್‌ಸಿಎಚ್‌ನಲ್ಲಿ, ಮತ್ತೆ ತಿಂಗಳ ಲೆಕ್ಕದಲ್ಲಿ ಬರೆಯಬೇಕಾದ ತಾಲ್ಲೂಕು ಆಸ್ಪತ್ರೆಯ ನರ್ಸ್ ಬೇಸರಪಟ್ಟುಕೊಳ್ಳುವುದರಲ್ಲಿ ತಪ್ಪೇನಿದೆ? ಅವರನ್ನು ಸೋಮಾರಿ ಎಂದು ಬಯ್ಯುವುದಕ್ಕಿಂತ, ಒಂದು ಸಲ ಬರೆದದ್ದು ಎಲ್ಲ ಕಡೆ ಹೋಗುವಂತೆ ಮಾಡುವುದು ಪರಿಹಾರ.

ನಂಬಿಕೆ 4: ಎಲ್ಲ ಕಂಪ್ಯೂಟರಿನಲ್ಲಿ ಇದ್ದರೆ ನಮ್ಮ ತಪ್ಪು ಸಿಕ್ಕಿಬೀಳುತ್ತದೆ.

ವಾಸ್ತವ: ಯಾರೂ ಬಾಯಿಬಿಟ್ಟು ಹೇಳದಿದ್ದರೂ ಇದು ದೊಡ್ಡ ಕಾರಣ. ಯಾರು ಎಷ್ಟು ಗಂಟೆಗೆ ಬಂದರು, ಯಾವ ಔಷಧ ಇತ್ತು-ಇರಲಿಲ್ಲ ಎಂಬುದು ದಾಖಲಾಗುತ್ತದೆ. ಆದರೆ ಅದೇ ದಾಖಲೆ ರಕ್ಷಣೆಯೂ ಹೌದು. 'ನಾವು ಈ ಔಷಧಕ್ಕೆ ಮೂರು ಸಲ ಬೇಡಿಕೆ ಕಳಿಸಿದ್ದೆವು', 'ರೋಗಿ ಬಂದ ಹತ್ತು ನಿಮಿಷದಲ್ಲಿ ನೋಡಿದೆವು' ಎಂದು ತೋರಿಸಲು ದಿನಾಂಕ-ಸಮಯ ಸಮೇತ ಇರುವ ಎಂಟ್ರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಮಾಹಿತಿಯನ್ನು ಶಿಕ್ಷೆಗೆ ಮಾತ್ರ ಬಳಸಿದರೆ ಜನ ಸುಳ್ಳು ಎಂಟ್ರಿ ಮಾಡುವುದನ್ನು ಕಲಿಯುತ್ತಾರೆ. ಇದು ಜಿಲ್ಲೆ ಮತ್ತು ರಾಜ್ಯ ಮಟ್ಟದವರು ತಿಳಿಯಬೇಕಾದ ಮಾತು.

ನಂಬಿಕೆ 5: ಒಳ್ಳೆಯ ಸಾಫ್ಟ್‌ವೇರ್ ತಂದರೆ ಎಲ್ಲ ಸರಿಹೋಗುತ್ತದೆ.

ವಾಸ್ತವ: ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2002ರಲ್ಲಿ ಇಡೀ ದೇಶಕ್ಕೆ ಒಂದೇ ಕಂಪ್ಯೂಟರ್ ದಾಖಲೆ ಯೋಜನೆ ಶುರು ಮಾಡಿತು. ಕೋಟ್ಯಂತರ ಪೌಂಡ್ ಸುರಿದ ಮೇಲೆ 2011ರಲ್ಲಿ ಅದನ್ನು ಕಳಚಿಹಾಕುವುದಾಗಿ ಸರ್ಕಾರ ಘೋಷಿಸಿತು. ಆಸ್ಪತ್ರೆಯವರನ್ನು ಕೇಳದೆ ಮೇಲಿನಿಂದ ಹೇರಿದ್ದು ಅದರ ಸೋಲಿಗೆ ಒಂದು ಮುಖ್ಯ ಕಾರಣ ಎಂಬ ಟೀಕೆ ಬಂತು. ಹಣವಿದ್ದ ದೇಶದಲ್ಲೂ ಸಾಫ್ಟ್‌ವೇರ್ ಒಂದೇ ಸಾಲಲಿಲ್ಲ.

ಒಬ್ಬರು ಬಳಸುತ್ತಾರೆ, ಇನ್ನೊಬ್ಬರು ಬಳಸಲ್ಲ. ಯಾಕೆ?

ಫ್ರೆಡ್ ಡೇವಿಸ್ ಎಂಬ ಸಂಶೋಧಕರು 1989ರಲ್ಲಿ ಇದಕ್ಕೆ ಒಂದು ಸರಳ ವಿವರಣೆ ಕೊಟ್ಟರು. ಹೊಸ ತಂತ್ರಜ್ಞಾನ ಎದುರಾದಾಗ ಮನುಷ್ಯ ಮನಸ್ಸಿನಲ್ಲೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆಯೇ? ಬಳಸಲು ಸುಲಭವೇ? ಎರಡಕ್ಕೂ 'ಹೌದು' ಎನಿಸಿದರೆ ಬಳಸುತ್ತಾನೆ.

ನಮ್ಮ ಊರಿನ ಉದಾಹರಣೆ ಬೇಕೆಂದರೆ ಫೋನ್‌ಪೇ ನೋಡಿ. ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯೂ ಕ್ಯೂಆರ್ ಕೋಡ್ ಇಟ್ಟುಕೊಂಡಿದ್ದಾರೆ. ಅವರಿಗೆ ಯಾರೂ ಮೂರು ದಿನದ ತರಬೇತಿ ಕೊಟ್ಟಿಲ್ಲ. ಹಣ ಬಂದ ಕೂಡಲೇ ಡಬ್ಬಿ ಕೂಗಿ ಹೇಳುತ್ತದೆ. ಉಪಯೋಗ ಅಲ್ಲೇ ಕಾಣುತ್ತದೆ, ಕಷ್ಟವೂ ಇಲ್ಲ.

ದವಾಖಾನೆಯ ವ್ಯವಸ್ಥೆಯಲ್ಲಿ ಆಗುವುದು ಇದರ ಉಲ್ಟಾ. ಎಂಟ್ರಿ ಮಾಡುವವರು ಒಬ್ಬರು, ಅದರ ಲಾಭ ಕಾಣುವುದು ಇನ್ನೊಬ್ಬರಿಗೆ, ಅದೂ ಎಷ್ಟೋ ದಿನದ ಮೇಲೆ. ಮಾನ್ವಿಯ ಲ್ಯಾಬ್ ಟೆಕ್ನಿಷಿಯನ್ ಶ್ರದ್ಧೆಯಿಂದ ಹಾಕಿದ ವರದಿ ರಿಮ್ಸ್‌ನ ಡಾಕ್ಟರಿಗೆ ಸಹಾಯವಾಯಿತು ಎಂಬ ಸುದ್ದಿ ಟೆಕ್ನಿಷಿಯನ್‌ಗೆ ತಲುಪುವುದೇ ಇಲ್ಲ. ಆ ಸುದ್ದಿ ತಲುಪಿಸುವುದು ಆಡಳಿತದವರ ಕೆಲಸ. ಅದಕ್ಕೆ ಸಾಫ್ಟ್‌ವೇರ್ ಬೇಡ, ತಿಂಗಳಿಗೊಂದು ಮೀಟಿಂಗ್ ಸಾಕು.

ಆಭಾ ಲೆಕ್ಕದಲ್ಲೂ ಇದೇ ಪಾಠವಿದೆ. 'ಇಷ್ಟು ಆಭಾ ನಂಬರ್ ಮಾಡಿದೆವು' ಎಂದು ಎಣಿಸುವುದು ಸುಲಭ. ಆದರೆ ನಂಬರ್ ಮಾಡಿ, ಅದಕ್ಕೆ ಒಂದೂ ವರದಿ ಜೋಡಿಸದಿದ್ದರೆ ಅದು ಖಾಲಿ ಚೀಲ. ದಾಖಲೆಗಳನ್ನು ನಿಜವಾಗಿ ಜೋಡಿಸುವ ಆಸ್ಪತ್ರೆಗಳಿಗೆಂದು 2023ರ ಜನವರಿಯಲ್ಲಿ ಕೇಂದ್ರದ ಪ್ರೋತ್ಸಾಹಧನ ಯೋಜನೆಯೂ ಆರಂಭವಾಯಿತು. ಎಣಿಸಬೇಕಾದದ್ದು ಜೋಡಿಸಿದ ದಾಖಲೆಗಳನ್ನು.

'ಸರ್ವರ್ ಡೌನ್' ಎಂದರೆ ಏನು ಮಾಡಬೇಕು?

ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಸರ್ವರ್ ನಿಲ್ಲುತ್ತದೆ. ಇದು ದೇವದುರ್ಗದಲ್ಲಿ ಮಾತ್ರ ಆಗುವುದಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಇ-ಹಾಸ್ಪಿಟಲ್ ಸರ್ವರ್ ಮೇಲೆ ಸೈಬರ್ ದಾಳಿ ನಡೆಯಿತು. ದೇಶದ ಪ್ರಮುಖ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ದಿನಗಟ್ಟಲೆ ಒಪಿಡಿ, ಲ್ಯಾಬ್, ಅಡ್ಮಿಷನ್ ಎಲ್ಲವನ್ನೂ ಕೈಬರಹದಲ್ಲಿ ನಡೆಸಿದರು. ಚಿಕಿತ್ಸೆ ನಿಲ್ಲಿಸಲಿಲ್ಲ. ಗಮನಿಸಬೇಕಾದದ್ದು ಇದನ್ನೇ.

ಪ್ರತಿ ದವಾಖಾನೆಯಲ್ಲೂ ಸರ್ವರ್ ನಿಂತಾಗ ಬಳಸಲು ಮುದ್ರಿತ ಫಾರಂ, ಆಮೇಲೆ ಅದನ್ನು ಯಾರು ಎಂಟ್ರಿ ಮಾಡಬೇಕು ಎಂಬ ನಿಯಮ, ಯುಪಿಎಸ್ ಅಥವಾ ಜನರೇಟರ್ ಮತ್ತು ದಿನವೂ ಬ್ಯಾಕಪ್ ಇರಲೇಬೇಕು. ರೋಗಿಗಳು ನೆನಪಿಡಬೇಕಾದದ್ದು ಇಷ್ಟು: ಸರ್ಕಾರಿ ಆಸ್ಪತ್ರೆಯಲ್ಲಿ ಸಕಾಲಕ್ಕೆ ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ, ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ ಹೇಳಿದೆ. ಮೊದಲು ಚಿಕಿತ್ಸೆ, ಆಮೇಲೆ ಎಂಟ್ರಿ.

ನಮ್ಮ ಗುಟ್ಟು ಗುಟ್ಟಾಗಿ ಉಳಿಯುತ್ತದೆಯೇ?

ಇದು ನ್ಯಾಯವಾದ ಭಯ. ಸಣ್ಣ ಊರಿನಲ್ಲಿ ಕ್ಷಯ, ಎಚ್‌ಐವಿ, ಗರ್ಭಪಾತ, ಮಾನಸಿಕ ಕಾಯಿಲೆಯ ಸುದ್ದಿ ಹೊರಗೆ ಬಿದ್ದರೆ ಬದುಕೇ ಕಷ್ಟವಾಗುತ್ತದೆ.

ಆಭಾ ವ್ಯವಸ್ಥೆಯಲ್ಲಿ ದಾಖಲೆಗಳು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ. ಇನ್ನೊಂದು ಆಸ್ಪತ್ರೆ ನೋಡಬೇಕೆಂದರೆ ನಿಮ್ಮ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿವೆ. ಎಚ್‌ಐವಿ ಇರುವವರ ಮಾಹಿತಿಯನ್ನು ಗೋಪ್ಯವಾಗಿ ಇಡಬೇಕೆಂದು 2017ರ ಪ್ರತ್ಯೇಕ ಕಾನೂನು ಇದೆ.

ಆದರೆ ಗುಟ್ಟು ಸೋರಲು ಹ್ಯಾಕರ್ ಬೇಕಾಗಿಲ್ಲ. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸುವುದು, ಅದನ್ನು ಮಾನಿಟರ್ ಮೇಲೆ ಚೀಟಿ ಅಂಟಿಸಿ ಬರೆದಿಡುವುದು, ರೋಗಿಯ ವರದಿಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು, ಇವೇ ಸಾಕು. 'ಬೇಗ ಸಲಹೆ ಸಿಗಲಿ' ಎಂದು ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಫೋಟೋ ಯಾರ ಯಾರ ಫೋನಿನಲ್ಲಿ ಉಳಿಯುತ್ತದೆ ಎಂದು ಹೇಳಲಾಗದು. ಪ್ರತಿಯೊಬ್ಬ ಸಿಬ್ಬಂದಿಗೂ ಬೇರೆ ಲಾಗಿನ್ ಕೊಡುವುದು ಆಡಳಿತದವರ ಕೈಯಲ್ಲೇ ಇದೆ. ಅದಕ್ಕೆ ಖರ್ಚೂ ಇಲ್ಲ.

ನಿಜವೋ ಸುಳ್ಳೋ? ಬೇಗ ನೋಡಿಬಿಡಿ

"ಆಭಾ ಇದ್ದರೆ 5 ಲಕ್ಷ ಉಚಿತ." ಸುಳ್ಳು. ಅದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ, ಬಿಪಿಎಲ್ ಕುಟುಂಬಗಳಿಗೆ.

"ಆಭಾ ಇಲ್ಲದಿದ್ದರೆ ಚಿಕಿತ್ಸೆ ಇಲ್ಲ." ಸುಳ್ಳು. ಆಭಾ ಸ್ವಯಂಪ್ರೇರಿತ. ಕೌಂಟರಿನಲ್ಲಿ ಹೆಸರು ಹೇಳಿ ಚೀಟಿ ಪಡೆಯಬಹುದು.

"ಆಭಾ ಇದ್ದರೆ ಸರತಿಯಲ್ಲಿ ನಿಲ್ಲುವುದು ಕಡಿಮೆ." ಭಾಗಶಃ ನಿಜ. ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಹೆಸರು-ವಿಳಾಸ ಹೇಳುವ ಸಮಯ ಉಳಿಯುತ್ತದೆ. ಡಾಕ್ಟರ ಕೋಣೆಯ ಮುಂದಿನ ಸಾಲು ಹಾಗೆಯೇ ಇರುತ್ತದೆ.

"ಕಂಪ್ಯೂಟರಿನಲ್ಲಿ ಎಲ್ಲ ಇದೆ, ಕಾಗದ ಬೇಡ." ಸುಳ್ಳು. ಹಳೆಯ ಚೀಟಿ, ಸ್ಕ್ಯಾನ್, ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ.

"ದಾಖಲೆ ಕೊಡುವುದು ಆಸ್ಪತ್ರೆಯ ಮರ್ಜಿ." ಸುಳ್ಳು. 2002ರ ವೈದ್ಯಕೀಯ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಇಡಬೇಕು. ರೋಗಿ ಅಥವಾ ಅಧಿಕೃತ ಸಂಬಂಧಿಕರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

"ಆಸ್ಪತ್ರೆಯಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ." ಹೇಳಬೇಡಿ. ಆಭಾ ಮಾಡುವಾಗ ಓಟಿಪಿ ಬರುವುದು ನಿಜ, ಆದರೆ ನೀವೇ ಕೌಂಟರಿನಲ್ಲಿ ಎದುರಿಗೆ ಇದ್ದಾಗ ಅಥವಾ ನೀವೇ ಆ್ಯಪ್ ಬಳಸುವಾಗ ಮಾತ್ರ. ಫೋನಿನಲ್ಲಿ ಕೇಳಿದರೆ ಅದು ಮೋಸ.

ನೀವು ಮಾಡಬಹುದಾದದ್ದು

• ಪ್ರತಿ ಸಲ ಒಂದೇ ಹೆಸರು, ಒಂದೇ ಮೊಬೈಲ್ ನಂಬರ್ ಹೇಳಿ. ಹಳೆಯ ಒಪಿಡಿ ಚೀಟಿ ತೋರಿಸಿ 'ನನ್ನ ನಂಬರ್ ಆಗಲೇ ಇದೆ' ಎನ್ನಿ.
• ಗುಳೆ ಹೋಗುವಾಗ, ತವರಿಗೆ ಹೋಗುವಾಗ ತಾಯಿ ಕಾರ್ಡ್, ಕ್ಷಯದ ಚಿಕಿತ್ಸೆಯಲ್ಲಿದ್ದರೆ ನಿಕ್ಷಯ್ ನಂಬರ್ ಜೊತೆಗಿರಲಿ. ಎರಡರ ಫೋಟೋ ಮನೆಯ ಒಬ್ಬರ ಫೋನಿನಲ್ಲಿ ಇರಲಿ. ಹೊಸ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ನಂಬರ್ ಮುಂದುವರಿಸಲು ಹೇಳಿ.
• ರೆಫರ್ ಮಾಡಿದಾಗ ಕೊಟ್ಟ ಔಷಧ ಮತ್ತು ಸಮಯ ಬರೆದ ಕಾಗದವನ್ನು ಕೇಳಿ ಪಡೆಯಿರಿ.
• ಆಯುಷ್ಮಾನ್ ಯೋಜನೆಯ ಪ್ರಶ್ನೆಗೆ 14555, ಆರೋಗ್ಯದ ಮಾಹಿತಿಗೆ 104 ಸಹಾಯವಾಣಿಗೆ ಕರೆ ಮಾಡಬಹುದು.

ದವಾಖಾನೆ ನಡೆಸುವವರು ಮಾಡಬಹುದಾದದ್ದು

• ವಾರಕ್ಕೆ ಹದಿನೈದು ನಿಮಿಷ, ತಮ್ಮದೇ ಅಂಕಿಗಳನ್ನು ಸಿಬ್ಬಂದಿ ಜೊತೆ ಕೂತು ನೋಡುವುದು. ಒಂದು ಅಂಕಿಯಿಂದ ಒಂದು ಬದಲಾವಣೆ.
• ಎಲ್ಲ ವಿಭಾಗವನ್ನೂ ಒಮ್ಮೆಗೇ ಹಿಡಿಯದೆ ನೋಂದಣಿ, ಲ್ಯಾಬ್, ಔಷಧ ಈ ಮೂರನ್ನು ಮೊದಲು ಗಟ್ಟಿ ಮಾಡುವುದು.
• ತರಬೇತಿಯನ್ನು ಸಭಾಂಗಣದಲ್ಲಿ ಪಿಪಿಟಿ ತೋರಿಸಿ ಮುಗಿಸದೆ ಕೌಂಟರಿನಲ್ಲೇ, ಕನ್ನಡದಲ್ಲೇ ಕೊಡುವುದು.
• ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕಟ್ಟಡ, ನೀರು, ಸ್ವಚ್ಛತೆಯ ಜೊತೆ ಯುಪಿಎಸ್, ಇಂಟರ್‌ನೆಟ್, ಪ್ರಿಂಟರ್ ವಿಷಯವನ್ನೂ ಇಡುವುದು.
• ಎರಡೆರಡು ಕಡೆ ಬರೆಯಬೇಕಾದ ಎಂಟ್ರಿಗಳ ಪಟ್ಟಿ ಮಾಡಿ ಜಿಲ್ಲೆಗೆ ಬರಹದಲ್ಲಿ ಕಳಿಸುವುದು. ದೂರು ಬಾಯಿಮಾತಿನಲ್ಲಿ ಉಳಿದರೆ ಯಾರೂ ಸರಿಪಡಿಸುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಆಸ್ಪತ್ರೆ ಮಾಹಿತಿ ವ್ಯವಸ್ಥೆ ಇದ್ದ ಮಾತ್ರಕ್ಕೆ ಡಾಕ್ಟರು ಬರುವುದಿಲ್ಲ, ಬೆಡ್ ಹೆಚ್ಚುವುದಿಲ್ಲ. ಅದು ಹಾಗೆ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ 'ಇದೆಲ್ಲ ಬರೀ ಟೈಮ್ ವೇಸ್ಟ್' ಎಂಬ ಮಾತನ್ನೂ ನಂಬಬೇಡಿ. ಇರುವ ಡಾಕ್ಟರಿಗೆ, ಇರುವ ಬೆಡ್ಡಿಗೆ ಸರಿಯಾದ ಮಾಹಿತಿ ಸರಿಯಾದ ಹೊತ್ತಿಗೆ ತಲುಪಿಸುವುದು ಇದರ ಕೆಲಸ. ರಾತ್ರಿ ಹೊತ್ತು ದೇವದುರ್ಗದಿಂದ ರಾಯಚೂರಿಗೆ ಹೊರಟ ಆಂಬುಲೆನ್ಸಿನಲ್ಲಿ ಇರುವವರಿಗೆ ಅದು ಸಣ್ಣ ಸಂಗತಿಯಲ್ಲ.

ಮುಂದಿನ ಸಲ ಆಭಾ ಬಗ್ಗೆ ಮೆಸೇಜು ಬಂದರೆ ಈ ಲೇಖನವನ್ನು ಉತ್ತರವಾಗಿ ಕಳಿಸಿ. ನಿಮ್ಮೂರಿನ ದವಾಖಾನೆಯ ಸಿಬ್ಬಂದಿ ಯಾರಾದರೂ ಪರಿಚಯವಿದ್ದರೆ ಅವರಿಗೂ ಕಳಿಸಿ.